ಬಣ್ಣ ಬಿಟ್ಟ ಕುದುರೆ

ನನ್ನ ಭಾವಮೈದುನನಿಗೆ ಈಗ ಕುದುರೆ ಹುಚ್ಚು. ಹಿಂದೆ ಈಮು ಹಕ್ಕಿಯ ಹುಚ್ಚಿತ್ತು. ಅದಕ್ಕೂ ಹಿಂದೆ ತೇಗದ ಗಿಡದ್ದು. ತೇಗ ಬೆಳೆಯಲಿಲ್ಲ. ಈಮು ಬೆಳೆಯಿತು, ಕೊಳ್ಳುವವರು ಬೆಳೆಯಲಿಲ್ಲ. ಮಾಗಡಿ ರಸ್ತೆಯಲ್ಲಿ ಅವನದೊಂದು ಫಾರ್ಮ್‌ಹೌಸ್ ಇದೆ. ಅಲ್ಲಿ ಕುದುರೆ ಕಟ್ಟಿ ಮರಿ ಮಾಡಿಸಿ ಮಾರುತ್ತಾನಂತೆ. “ಭಾವ, ಈ ಸಲ ಲೆಕ್ಕ ಪಕ್ಕಾ” ಎಂದು ವಾಟ್ಸಾಪಿನಲ್ಲಿ ಒಂದು ಹಾಳೆ ಕಳಿಸಿದ. ಎರಡು ಹೆಣ್ಣು ಕುದುರೆ, ವರ್ಷಕ್ಕೆ ತಲಾ ಒಂದು ಮರಿ, ಹತ್ತು ವರ್ಷಕ್ಕೆ ಇಪ್ಪತ್ತು ಮರಿ, ಒಂದೊಂದಕ್ಕೂ ಇಷ್ಟಿಷ್ಟು ಲಕ್ಷ. ಕೊನೆಯ ಸಾಲಿನ ಮೊತ್ತ ನೋಡಿ, ಇಷ್ಟು ವರ್ಷ ಪಾಠ ಹೇಳಿ ವ್ಯರ್ಥ ಮಾಡಿಕೊಂಡೆನಲ್ಲ ಎಂದು ನನಗೇ ಒಂದು ಗಳಿಗೆ ಅನ್ನಿಸಿತು. ಹಾಳೆಯಲ್ಲಿ ಹುಲ್ಲಿನ ಲೆಕ್ಕವಿರಲಿಲ್ಲ, ಹುರುಳಿಯ ಲೆಕ್ಕವಿರಲಿಲ್ಲ, ಡಾಕ್ಟರ ಲೆಕ್ಕವಂತೂ ಇಲ್ಲವೇ ಇಲ್ಲ. ಸಾಯುವ ಮರಿಗಳ ಲೆಕ್ಕ ಯಾರು ತಾನೆ ಬರೆಯುತ್ತಾರೆ?

ಇಂಥದ್ದು ಬಂದಾಗ ನಾನು ಬೇಲಿಯ ಹತ್ತಿರ ಹೋಗುತ್ತೇನೆ. ಗೊಬ್ಬರದ ಗಿಡದ ಬೇಲಿ, ಮಳೆ ಬಂದರೆ ಆಳೆತ್ತರ ಬೆಳೆದು ಆಚೆಯವರ ಮುಖ ಕಾಣದು. ಆಚೆ ಸಾಬರ ತೆಂಗಿನ ತೋಟ. ಸಾಬರು ನನಗಿಂತ ಹಿರಿಯರು. ಹುಡುಗರಾಗಿದ್ದಾಗ ಲಾಯ ಗುಡಿಸಲು ಸೇರಿ, ಕುದುರೆ ನೋಡಿಕೊಳ್ಳುವ ಸೈಸ್ ಆಗಿ, ಕೊನೆಕೊನೆಗೆ ದಿನ ತುಂಬಿದ ಕುದುರೆಗಳ ರಾತ್ರಿ ಕಾವಲಿಗೆ ನಿಂತು ನಿವೃತ್ತರಾದವರು. ಕುಣಿಗಲ್ಲಿನಲ್ಲಿ ಇದೇನು ದೊಡ್ಡ ವಿಶೇಷವಲ್ಲ. ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕೆಂದು ಶುರುವಾದ ಕುದುರೆ ಫಾರ್ಮು ಊರಿಗೆ ಅಂಟಿಕೊಂಡೇ ಇದೆ, ನಾನ್ನೂರು ಎಕರೆ ದಾಟಿದ್ದು. ದಂಡಿನ ಕುದುರೆ ಹೋಗಿ ರೇಸಿನ ಕುದುರೆ ಬಂತು, 1992ರಲ್ಲಿ ಸರ್ಕಾರ ಗುತ್ತಿಗೆಗೂ ಕೊಟ್ಟಿತು. ಕುದುರೆಯ ಕೂದಲು ಮೈಗೆ ಹತ್ತದ ಮನೆತನ ನಮ್ಮ ಬೀದಿಯಲ್ಲಿ ಬಹುಶಃ ನನ್ನದೊಂದೇ.

“ಸಾಬ್ರೇ, ಒಂದು ಮರಿ ನೋಡಿ ಹೇಳ್ತೀರಾ?” ಎಂದು ಫೋನನ್ನು ಬೇಲಿಯ ಮೇಲಿಂದ ದಾಟಿಸಿದೆ.

ಭಾವಮೈದುನ ಕಳಿಸಿದ್ದ ವಿಡಿಯೋದಲ್ಲಿ ಕರೀ ಮರಿಯೊಂದು ಡೋಲಿನ ಸದ್ದಿಗೆ ಬೆಚ್ಚಿ ಬೆಚ್ಚಿ ಕುಣಿಯುತ್ತಿತ್ತು. ಕಿವಿಯ ತುದಿ ಎರಡೂ ಒಳಕ್ಕೆ ಬಾಗಿ ಒಂದಕ್ಕೊಂದು ತಾಗಿದ್ದವು. ಅದು ಮಾರ್ವಾಡಿ ಕುದುರೆಯ ಗುರುತು. ಸಾಬರು ಕೊನೆಯತನಕ ನೋಡಿದರು.

“ಮರಿ ಚೆಂದಾಗೈತೆ. ಅವ್ವ ಎಲ್ಲಿ?”

“ವಿಡಿಯೋದಲ್ಲಿ ಅವ್ವ ಇಲ್ಲ.”

“ವಯಸ್ಸೆಷ್ಟಂತೆ?”

“ಮೂರು ತಿಂಗಳು ಅಂತ ಬರೆದಿದ್ದಾರೆ.”

“ಮೂರು ತಿಂಗಳ ಮರಿ ಅವ್ವನ್ನ ಬಿಟ್ಟು ಮೈದಾನದಾಗೆ ಒಂದೇ ನಿಂತೈತೆ ಅಂದ್ರೆ, ಫೋನ್ ಒಳಗೆ ಇಟ್ಕಳಿ ಮೇಷ್ಟ್ರೇ. ಇನ್ನೇನೂ ನೋಡಬ್ಯಾಡಿ.”

ಕುದುರೆ ಮರಿಗೆ ಹಾಲು ಬಿಡಿಸುವುದು ನಾಲ್ಕರಿಂದ ಆರು ತಿಂಗಳ ಹೊತ್ತಿಗೆ. ಅದಕ್ಕೂ ಮೊದಲೇ ಬೇರೆ ಮಾಡುವವನಿಗೆ ಒಂದು ಕಾರಣ ಇದ್ದೇ ಇರುತ್ತದೆ, ಅದು ಸಾಮಾನ್ಯವಾಗಿ ಮೇವಿನ ಖರ್ಚು. ಹಾಲೂಡಿಸುವ ಕುದುರೆ ತಿನ್ನುವುದು ಹೆಚ್ಚು. ಮರಿ ಬೇಗ ಸಾಗಿದಷ್ಟೂ ಅವನಿಗೆ ಉಳಿತಾಯ. ತಾಯಿಯನ್ನು ಮರೆಮಾಡುವುದಕ್ಕೆ ಇನ್ನೊಂದು ಕಾರಣವೂ ಇರಬಹುದು: ತೋರಿಸುವ ಹಾಗೆ ಅದು ಇಲ್ಲದಿರುವುದು. ಪಕ್ಕೆಲುಬು ಎದ್ದಿದೆಯೋ, ಗೊರಸು ಕತ್ತರಿಸದೆ ಚಪ್ಪಲಿಯಂತೆ ಮುಂದಕ್ಕೆ ಬೆಳೆದಿದೆಯೋ, ಮನುಷ್ಯನ ಕೈ ಮೇಲೆದ್ದರೆ ಕಿವಿ ಹಿಂದಕ್ಕೆ ಮಡಿಸಿ ಮೂಲೆಗೆ ಸರಿಯುತ್ತದೆಯೋ, ಯಾರಿಗೆ ಗೊತ್ತು? ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹೆಣ್ಣು ನೋಡುವಾಗ ಹೇಳುವ ನಾವು ಕುದುರೆ ನೋಡುವಾಗ ಮಾತ್ರ ಸೀರೆಯ ಸೆರಗು ಹಿಡಿದು ಕೂರುತ್ತೇವೆ.

ನಾನು ಭಾವಮೈದುನನ ಲೆಕ್ಕದ ಹಾಳೆಯನ್ನೂ ಓದಿ ಹೇಳಿದೆ. ವರ್ಷಕ್ಕೊಂದು ಮರಿ ಅನ್ನುವಲ್ಲಿ ಸಾಬರು ಕೈ ಅಡ್ಡ ಮಾಡಿದರು.

“ಹನ್ನೊಂದು ತಿಂಗಳು ಹೊಟ್ಟೇಲಿ ಇರ್ತದೆ. ಇನ್ನು ಉಳಿಯೋದು ಎಷ್ಟು?”

340 ದಿನ ಅಂದುಕೊಂಡರೂ ಉಳಿಯುವುದು ಇಪ್ಪತ್ತೈದು ದಿನ. ಮರಿ ಹಾಕಿದ ಏಳೆಂಟು, ಹತ್ತು ದಿನಕ್ಕೆ ಕುದುರೆ ಮತ್ತೆ ಬೆದೆಗೆ ಬರುತ್ತದೆ, ನಿಜ. ಹಾಳೆಯ ಲೆಕ್ಕ ತಪ್ಪಬಾರದು ಅನ್ನುವವನು ಅವತ್ತೇ ಗಂಡಿಗೆ ಬಿಡುತ್ತಾನೆ. ಗರ್ಭಚೀಲ ಮೊದಲಿನಂತಾಗಿದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆ, ಅದೂ ಇಲ್ಲದಿದ್ದರೆ ಅದರ ಮುಂದಿನದು. ಒಂದು ವರ್ಷ ಬಿಡುವು ಕೊಟ್ಟರಾಯಿತು ಎಂಬ ಮಾತು ಅವನ ತಲೆಗೆ ಬರುವುದೇ ಇಲ್ಲ. ಬಿಡುವು ಅಂದರೆ ಅವನ ಲೆಕ್ಕದಲ್ಲಿ ನಷ್ಟ.

“ಮರಿ ಹಾಕ್ಸೋದೇನು ದೊಡ್ಡ ವಿದ್ಯೆ ಅಲ್ಲ. ಹಾಕೋ ರಾತ್ರಿ ಯಾರು ಎದ್ದಿರ್ತಾರೆ ಅನ್ನೋದು ವಿದ್ಯೆ” ಎಂದರು ಸಾಬರು. ಆಮೇಲೆ ಅವರು ಹೇಳಿದ್ದನ್ನು ಕೇಳಿದ್ದರೆ ಭಾವಮೈದುನನ ಹಾಳೆ ಅಲ್ಲೇ ಹರಿದುಹೋಗುತ್ತಿತ್ತು. ಕುದುರೆ ಹೆಚ್ಚಾಗಿ ಮರಿ ಹಾಕುವುದು ರಾತ್ರಿಯೇ, ಸುತ್ತ ಸದ್ದಡಗಿದ ಮೇಲೆ. ಅದಕ್ಕೆ ಒಂದೆರಡು ದಿನ ಮೊದಲು ಮೊಲೆತೊಟ್ಟಿನ ತುದಿಯಲ್ಲಿ ಹಳದಿ ಮೇಣದಂಥ ಹನಿ ಕಟ್ಟುತ್ತದೆ. ಅದು ಕಂಡಿತೆಂದರೆ ಸಾಬರು ಮನೆಗೆ ಊಟಕ್ಕೂ ಹೋಗುತ್ತಿರಲಿಲ್ಲವಂತೆ. ಲಾಂದ್ರದ ಬೆಳಕು ತಗ್ಗಿಸಿ, ಹುಲ್ಲು ಹಾಸಿದ ಕೋಣೆಯ ಹೊರಗೆ ಗೋಣಿಚೀಲದ ಮೇಲೆ ಕೂರುವುದು. ಮರಿ ನೆಲಕ್ಕೆ ಬಿದ್ದ ಮೇಲೆ ಗಡಿಯಾರ ನೋಡಬೇಕು. ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು. ಮೂರು ಗಂಟೆಯೊಳಗೆ ತಾಯಿಗೆ ಮಾಸು ಬೀಳಬೇಕು. ಹಸುವಿಗಾದರೆ ಮಾಸು ಬೀಳುವುದು ಅರ್ಧ ದಿನ ತಡವಾದರೂ ನಡೆದೀತು. ಕುದುರೆಗೆ ಹಾಗಲ್ಲ. ಒಳಗೆ ಕೊಳೆತು ನಂಜೇರಿದರೆ ಜ್ವರ ಬಂದು, ಗೊರಸಿನ ಒಳಗೆಲ್ಲ ಉರಿಯೂತವಾಗಿ, ನಿಲ್ಲಲಾರದ ಸ್ಥಿತಿಗೆ ಬರುತ್ತದೆ.

ಗಿಣ್ಣುಹಾಲಿನ ಮಾತೂ ಬಂತು. ನಮ್ಮ ಕಡೆ ಹಸು ಈದರೆ ಗಿಣ್ಣು ಬೇಲಿ ದಾಟಿ ಬರುತ್ತದೆ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುತ್ತೇವೆ. ಕುದುರೆ ಮರಿಗೆ ಅದು ತಿಂಡಿಯಲ್ಲ, ಜೀವ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗನಿರೋಧಕ ಶಕ್ತಿ ಮರಿಗೆ ಇಳಿಯುವುದಿಲ್ಲ. ಇಳಿಯುವುದೆಲ್ಲ ಆ ಮೊದಲ ಹಾಲಿನಲ್ಲಿ. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಒಂದು ದಿನ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಯದೇ ಲಾಭ. ರಾತ್ರಿ ಮಲಗಿದ್ದು ಬೆಳಗ್ಗೆ ಬಂದು ನೋಡುವವನಿಗೆ ಮರಿ ನಿಂತಿರುವುದು ಕಾಣುತ್ತದೆ, ಫೋಟೋ ತೆಗೆದು ಹಾಕುತ್ತಾನೆ. ಎರಡು ಮೂರು ದಿನಕ್ಕೆ ಅದು ತಲೆ ಜೋಲಿಸಿದರೆ “ಯಾರದೋ ದೃಷ್ಟಿ ತಾಗಿತು” ಅನ್ನುತ್ತಾನೆ. ದೃಷ್ಟಿ ತಾಗಿದ್ದಲ್ಲ. ನೋಡಬೇಕಾದ ಹೊತ್ತಿನಲ್ಲಿ ಯಾರ ದೃಷ್ಟಿಯೂ ಇರಲಿಲ್ಲ.

ಮಾತು ಗಂಭೀರವಾಯಿತೆಂದು ನಾನೊಂದು ಸುದ್ದಿ ತೆಗೆದೆ. 2022ರಲ್ಲಿ ಪಂಜಾಬಿನ ಸಂಗ್ರೂರು ಜಿಲ್ಲೆಯ ಸುನಾಮಿನಲ್ಲಿ ಒಬ್ಬರು ಕುದುರೆ ಸಾಕುವ ಉಮೇದಿನಲ್ಲಿ ಕಡುಕಪ್ಪು ಮಾರ್ವಾಡಿ ಗಂಡು ಕೊಂಡರು. ಬೆಲೆ 22.65 ಲಕ್ಷ ರೂಪಾಯಿ. ಮನೆಗೆ ತಂದು ಮೈ ತೊಳೆದರು. ಕಪ್ಪು ನೀರು ಹರಿಯಿತು, ಕೆಳಗಿನಿಂದ ಕಂದು ಬಣ್ಣದ ಕುದುರೆ ಎದ್ದು ಬಂತು. ಪೊಲೀಸು, ದೂರು, ಎಲ್ಲಾ ಆಯಿತು.

ಸಾಬರು ಬೇಲಿ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, “ತೊಳುದ್ರೆ ಹೋಗೋ ಮೋಸ ಚಿಕ್ಕದು ಬಿಡಿ. ಕುದುರೆ ಪಾಪ ಅದೇ ಕುದುರೆ. ರಕ್ತದಾಗೆ ಇರೋದನ್ನ ಯಾವ ನೀರಲ್ಲಿ ತೊಳೀತೀರಾ?” ಎಂದರು.

ನಾನು ವಿಜ್ಞಾನ ಹೇಳಿದ ಮೇಷ್ಟ್ರು. ಇಂಥ ಒಂದು ಮಾತು ಸಿಕ್ಕಿದರೆ ಸುಮ್ಮನಿರುವ ಜಾತಿಯಲ್ಲ. ಅಮೆರಿಕದ ಪೇಂಟ್ ಕುದುರೆಯ ಕಥೆ ಹೇಳಿದೆ. ಮೈಮೇಲೆ ಬಿಳಿ ಮಚ್ಚೆ ಹರಡಿದ ತಳಿ ಅದು. ಅದರಲ್ಲಿ ಓವೆರೋ ಎಂಬ ಒಂದು ಮಾದರಿ. ಅಂಚು ಹರಿದ ಮೋಡದಂತೆ ಹೊಟ್ಟೆಯ ಪಕ್ಕದಲ್ಲಿ ಬಿಳುಪು, ಎಷ್ಟೋ ಸಲ ನೀಲಿ ಕಣ್ಣು, ಒಳ್ಳೆಯ ಬೆಲೆ. ಆ ಮಚ್ಚೆ ತರುವ ಜೀನ್ ಒಂದೇ ಪ್ರತಿ ಇದ್ದರೆ ಚೆಂದ. ತಂದೆ ತಾಯಿ ಇಬ್ಬರಿಂದಲೂ ಬಂದು ಎರಡಾದರೆ ಮರಿ ಪೂರ್ತಿ ಬೆಳ್ಳಗೆ ಹುಟ್ಟುತ್ತದೆ, ಕರುಳಿನಲ್ಲಿ ನರಗಳೇ ಇರುವುದಿಲ್ಲ. ಕುಡಿದ ಹಾಲು ಮುಂದಕ್ಕೆ ಹೋಗದು. ಹೊಟ್ಟೆನೋವಿನಲ್ಲಿ ಹೊರಳಿ ಒಂದೆರಡು ದಿನದಲ್ಲಿ ಸಾಯುತ್ತದೆ, ಇಲ್ಲವೇ ನೋಡಲಾರದೆ ಡಾಕ್ಟರು ಸೂಜಿ ಚುಚ್ಚುತ್ತಾರೆ. ಅಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ. ಬುಡ ಸಮೇತ ಕಿತ್ತ ನಾಲ್ಕು ಕೂದಲು ಕಳಿಸಿದರೆ ಪ್ರಯೋಗಾಲಯದವರು ಜೀನ್ ಇದೆಯೋ ಇಲ್ಲವೋ ಹೇಳುತ್ತಾರೆ. ಆ ಖರ್ಚಿಗೆ ಹಿಂದೆಮುಂದೆ ನೋಡಿ ಬಣ್ಣದ ಆಸೆಗೆ ಕೂಡಿಸುವವರೂ ಇದ್ದಾರೆ.

ಇನ್ನೊಂದು ಕಥೆ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅಲ್ಲಿ ಕಳ್ಳರ್ಯಾರೂ ಇಲ್ಲ. 1969ರಲ್ಲಿ ಅಮೆರಿಕದಲ್ಲಿ ಇಂಪ್ರೆಸಿವ್ ಎಂಬ ಕ್ವಾರ್ಟರ್ ತಳಿಯ ಕುದುರೆ ಹುಟ್ಟಿತು. ಮೈತುಂಬ ಉಬ್ಬಿದ ಸ್ನಾಯು, ಪ್ರದರ್ಶನದಲ್ಲಿ ತೀರ್ಪುಗಾರರು ಕಣ್ಣು ಕೀಳದ ಮೈಕಟ್ಟು. ಬಹುಮಾನದ ಮೇಲೆ ಬಹುಮಾನ. ಎಲ್ಲರೂ ತಂತಮ್ಮ ಹೆಣ್ಣು ಕುದುರೆ ಹೊಡೆದುಕೊಂಡು ಬಂದರು. ಎರಡು ಸಾವಿರಕ್ಕೂ ಮೇಲೆ ಮರಿ, ಮರಿಗೆ ಮರಿ. ಬರುಬರುತ್ತಾ ಈ ವಂಶದ ಕುದುರೆಗಳು ನಿಂತಲ್ಲೇ ನಡುಗುವುದು, ಕಾಲು ಸೋತು ಕುಸಿಯುವುದು, ಕೆಲವು ಹಾಗೇ ಸಾಯುವುದು ಶುರುವಾಯಿತು. ಸ್ನಾಯುವಿನೊಳಗೆ ಸೋಡಿಯಂ ಹೋಗಿಬರುವ ಬಾಗಿಲು ಸರಿಯಾಗಿ ಮುಚ್ಚದ ಕಾಯಿಲೆ. ಪೊಟ್ಯಾಶಿಯಂ ಹೆಚ್ಚಿರುವ ಮೇವು ತಿಂದರೆ ಕೆರಳುತ್ತದೆ. ನಾವು ಕುದುರೆ ಮಸಾಲೆ ಸೊಪ್ಪು ಅನ್ನುತ್ತೇವಲ್ಲ, ಆ ಲೂಸರ್ನ್ ಸೊಪ್ಪೇ ಅವಕ್ಕೆ ವಿಷವಾಯಿತು. 1992ರ ಹೊತ್ತಿಗೆ ಜೀನ್ ಪರೀಕ್ಷೆ ಬಂತು. ಎರಡು ಪ್ರತಿಯೂ ಕೆಟ್ಟಿರುವ ಮರಿಗಳನ್ನು ನೋಂದಾಯಿಸುವುದಿಲ್ಲ ಎಂಬ ನಿಯಮ ಜಾರಿಯಾದದ್ದು 2007ರಲ್ಲಿ ಹುಟ್ಟಿದ ಮರಿಗಳಿಂದ. ನಡುವೆ ಹದಿನೈದು ವರ್ಷ. ಒಂದೇ ಪ್ರತಿ ಇರುವುದಕ್ಕೆ ಆ ನಿಯಮದಲ್ಲೂ ಅಡ್ಡಿಯಿಲ್ಲ, ಯಾಕೆಂದರೆ ಸ್ನಾಯು ಬೇಕಲ್ಲ!

ಸಾಬರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಕಡೆ ಅಷ್ಟೊಂದು ಪರೀಕ್ಷೆ ಇಲ್ಲ. ಆದ್ರೆ ಕಣ್ಣಿಲ್ವಾ? ಹೋದ್ಸಲ ಯಾವ ಜೋಡಿ ಮರಿ ಕಾಲು ಸೊಟ್ಟ ಇತ್ತೋ ಅದೇ ಜೋಡೀನ ಈ ಸಲನೂ ಕಟ್ಟೋನು ಕಣ್ಣಿದ್ದು ಕುರುಡ” ಎಂದರು. ಮಾರ್ವಾಡಿಯಲ್ಲಿ ಈಗ ಇರುವ ಭಯ ಇದೇ. ಒಂದು ಗಂಡಿಗೆ ಹೆಸರು ಬಂದರೆ ಸುತ್ತೂರಿನ ಹೆಣ್ಣೆಲ್ಲ ಅಲ್ಲಿಗೇ. ನಾಲ್ಕು ವರ್ಷಕ್ಕೆ ಊರಲ್ಲಿರುವುದೆಲ್ಲ ಅದರ ಮಕ್ಕಳು, ಆಮೇಲೆ ಅಣ್ಣನಿಗೆ ತಂಗಿ. ಕಾಗದದಲ್ಲಿ ಇದನ್ನು ‘ರಕ್ತ ಶುದ್ಧ’ ಎಂದು ಬರೆಯುತ್ತಾರೆ.

ಸುಳಿಯ ವಿಷಯ ಎತ್ತಿದೆ. ಕುದುರೆ ದಲ್ಲಾಳಿಗಳು ಮೈಮೇಲಿನ ಸುಳಿ ತೋರಿಸಿ ಬೆಲೆ ಏರಿಸುತ್ತಾರೆ. ಕುತ್ತಿಗೆಯ ದೇವಮಣಿ ಸುಳಿ ಶುಭ, ಇನ್ನೊಂದೆಡೆಯದು ಮನೆಗೆ ಕೇಡು. ನಮ್ಮ ಹಳ್ಳಿಕಾರ್ ಎತ್ತಿನ ವ್ಯಾಪಾರದಲ್ಲೂ ಇದು ಇದ್ದದ್ದೇ. ಸಾಬರು ಸುಳಿಯನ್ನು ಪೂರ್ತಿ ತಳ್ಳಿಹಾಕುವವರಲ್ಲ, ಅವರ ಕಣ್ಣಲ್ಲಿ ಸ್ವಲ್ಪ ನಂಬಿಕೆ ಉಳಿದಿದೆ. “ಸುಳಿ ನೋಡ್ಲಿ, ಬ್ಯಾಡ ಅನ್ನಲ್ಲ. ಮೊದ್ಲು ಗೊರಸು ನೋಡ್ಲಿ, ಹಲ್ಲು ನೋಡ್ಲಿ, ನಡೆಸಿ ನೋಡ್ಲಿ. ಟೈಮ್ ಉಳುದ್ರೆ ಸುಳಿ.” ನನಗೆ ಟೈಮ್ ಉಳಿದರೂ ಬೇಡ.

“ಸರಿ ಸಾಬ್ರೇ, ಒಳ್ಳೆ ಕುದುರೆ ಸಾಕುವವನನ್ನ ಒಂದೇ ಪ್ರಶ್ನೆಯಲ್ಲಿ ಹಿಡಿಯೋದು ಹೇಗೆ?”

“ಎಷ್ಟು ಗಂಡುಮರಿಗೆ ಬೀಜ ಒಡೆಸಿದೀಯಪ್ಪಾ ಅಂತ ಕೇಳಿ.”

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಯೋಚಿಸಿದರೆ ಇಡೀ ವಿಷಯ ಅದರಲ್ಲೇ ಇದೆ. ಹುಟ್ಟಿದ ಗಂಡುಗಳೆಲ್ಲ ಬೀಜಕ್ಕೆ ಯೋಗ್ಯ ಅನ್ನುವವನು ಯಾವುದನ್ನೂ ಆರಿಸುತ್ತಿಲ್ಲ, ಬರೀ ಹೆಚ್ಚಿಸುತ್ತಿದ್ದಾನೆ. ನಮ್ಮ ನಾಡಿನಲ್ಲಿ ಹೋರಿಗೆ ಬೀಜ ಒಡೆಸಿ ಎತ್ತು ಮಾಡುವುದಕ್ಕೆ ಯಾರಿಗೂ ಸಂಕೋಚವಿಲ್ಲ, ಕುದುರೆಯ ವಿಷಯ ಬಂದರೆ ಮಾತ್ರ ಯಜಮಾನನ ಮೀಸೆಗೇ ಕತ್ತರಿ ಬಿದ್ದ ಹಾಗೆ ಆಡುತ್ತಾರೆ. ಕೊನೆಗೆ ಏನಾಗುತ್ತದೆ? ಪಳಗಿಸಲಾರದ ಗಂಡನ್ನು ಕಾಲಿಗೆ ಹಗ್ಗ, ಬಾಯಿಗೆ ಮುಳ್ಳಿನ ಕಡಿವಾಣ ಹಾಕಿ ಕಟ್ಟುತ್ತಾರೆ. ಮುಳ್ಳಿನ ಕಡಿವಾಣಕ್ಕೆ ಕಾನೂನಿನ ನಿಷೇಧವಿದೆ. ಮದುವೆ ಮೆರವಣಿಗೆಯಲ್ಲಿ ಅದನ್ನು ನೋಡುವವರಿಗೆ ವರನ ಪೇಟ ಕಾಣುತ್ತದೆ, ಕುದುರೆಯ ಬಾಯಿ ಕಾಣುವುದಿಲ್ಲ.

ಇನ್ನೊಂದು ಗುರುತು, ಮಾರುವವನು ಕೇಳುವ ಪ್ರಶ್ನೆ. ಒಳ್ಳೆಯವನು ಹೆಣ್ಣು ಕೊಡುವವರ ಹಾಗೆ ಮೊದಲು ನಮ್ಮನ್ನೇ ಜಾಲಿಸುತ್ತಾನೆ. ಓಡಾಡಲು ಜಾಗ ಎಷ್ಟಿದೆ, ಜೊತೆಗೆ ಇನ್ನೊಂದು ಕುದುರೆ ಇದೆಯೇ, ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವನು ಯಾರು, ರಾತ್ರಿ ಹೊಟ್ಟೆನೋವು ಬಂದರೆ ಯಾವ ಡಾಕ್ಟರು ಬರುತ್ತಾರೆ. ಕುದುರೆಗೆ ವಾಂತಿ ಬರುವುದಿಲ್ಲ, ಹೊಟ್ಟೆನೋವು ಬಂದರೆ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಇಷ್ಟು ಕೇಳದೆ ಗೂಗಲ್ ಪೇ ನಂಬರು ಮಾತ್ರ ಕೊಡುವವನ ಹತ್ತಿರ ಏನನ್ನೂ ಕೊಳ್ಳಬಾರದು. ನಾಳೆ ಸಾಕಲಾಗದಿದ್ದರೆ ನೀನೇ ಹಿಂದಕ್ಕೆ ಕರೆದುಕೊಳ್ಳುತ್ತೀಯಾ ಎಂದು ನಾವೂ ಕೇಳಬೇಕು. ತಾನು ಹುಟ್ಟಿಸಿದ ಜೀವಕ್ಕೆ ಹತ್ತು ವರ್ಷದ ಮೇಲೂ ಬಾಗಿಲು ತೆಗೆಯುವವನು ಹೆಚ್ಚು ಹುಟ್ಟಿಸುವುದಿಲ್ಲ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ.

ಇದನ್ನೆಲ್ಲ ಕೇಳುತ್ತಾ ನನಗೆ ವಿಜಯನಗರ ನೆನಪಾಯಿತು. ಹದಿನಾರನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸರ ನೂನಿಜ್, ಹಿಂದಿನ ರಾಜ ಸಾಳುವ ನರಸಿಂಹನ ಬಗ್ಗೆ ಬರೆದಿದ್ದಾನೆ. ಹೊರ್ಮುಜ್, ಏಡನ್ ಕಡೆಯಿಂದ ಬರುವ ಕುದುರೆಗೆ ರಾಜ ವರ್ತಕರು ಕೇಳಿದಷ್ಟು ಕೊಡುತ್ತಿದ್ದನಂತೆ. ಮೂರಕ್ಕೆ ಸಾವಿರ ಪರದಾವೊ ನಾಣ್ಯ. ಸತ್ತಿದ್ದರೂ ಅದೇ ಬೆಲೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು.

“ಬಾಲಕ್ಕಾ ದುಡ್ಡು?” ಎಂದರು ಸಾಬರು.

“ಬಾಲಕ್ಕೇ.”

“ಹಂಗಾದ್ರೆ ನಿಮ್ಮ ಭಾವಮೈದ ವಾಸಿ ಬಿಡಿ. ವಿಡಿಯೋದಾಗಾದ್ರೂ ಪೂರ್ತಿ ಕುದುರೆ ನೋಡವ್ನೆ.”

ಅದಕ್ಕೂ ಇನ್ನೂರು ವರ್ಷ ಹಿಂದೆ ಮಾರ್ಕೊ ಪೋಲೊ ತಮಿಳು ಕರಾವಳಿಯ ಬಗ್ಗೆ ಬರೆದದ್ದು ಇನ್ನೂ ಖಾರ. ಕುದುರೆ ತರುವ ವರ್ತಕರು ಲಾಳಗಾರರನ್ನು ಜೊತೆಗೆ ತರುವುದಿಲ್ಲ, ಬರಲು ಬಿಡುವುದೂ ಇಲ್ಲ ಅನ್ನುತ್ತಾನೆ. ಕುದುರೆ ನೋಡಿಕೊಳ್ಳುವ ವಿದ್ಯೆ ಇಲ್ಲಿಯವರಿಗೆ ಬಂದರೆ ಅವು ಬದುಕಿಬಿಡುತ್ತವೆ. ಬದುಕಿದರೆ ಮುಂದಿನ ವರ್ಷ ಮಾರುವುದು ಯಾರಿಗೆ? ವ್ಯಾಪಾರಿಯ ಬುದ್ಧಿ ಅಂದೂ ಇಷ್ಟೇ, ಈಗ ಹಡಗಿನ ಬದಲು ಟೆಂಪೋ.

ಕಾಗದಪತ್ರದ ಮಾತು ಚುಟುಕಾಗಿ ಮುಗಿಸುತ್ತೇನೆ. ರೇಸಿನ ಥರೋಬ್ರೆಡ್ ಆದರೆ ಪುಣೆಯಲ್ಲಿ ಸ್ಟಡ್‌ಬುಕ್ ಇದೆ, ಡಿಎನ್‌ಎ ತಾಳೆ ನೋಡಿ ತಂದೆ ತಾಯಿ ಯಾರೆಂದು ದಾಖಲಿಸುತ್ತಾರೆ. ಮಾರ್ವಾಡಿಗೂ ನೋಂದಣಿಯ ವ್ಯವಸ್ಥೆ ಇದೆ. ಆದರೆ ಕಾಗದ ಅಪ್ಪ ಅವ್ವನ ಹೆಸರು ಹೇಳುತ್ತದೆ, ರಾತ್ರಿ ಯಾರು ಎದ್ದಿದ್ದರು ಎಂದು ಹೇಳುವುದಿಲ್ಲ. ತಪ್ಪದೇ ಕೇಳಬೇಕಾದ ಚೀಟಿ ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯದು. ಮನುಷ್ಯರಿಗೂ ಹರಡುವ, ಕೊಲ್ಲುವ ರೋಗ ಅದು. ಬ್ರಿಟಿಷರು 1899ರಲ್ಲೇ ಅದಕ್ಕೆಂದು ಕಾಯಿದೆ ಮಾಡಿದ್ದರು. ಪರೀಕ್ಷೆಯಲ್ಲಿ ಸೋಂಕು ಖಚಿತವಾದರೆ ಕುದುರೆಯನ್ನು ಉಳಿಸುವ ಹಾಗಿಲ್ಲ. ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ, ಸರ್ಕಾರಿ ಪಶುವೈದ್ಯರ ಮೂಲಕ ಪರೀಕ್ಷೆ ಮಾಡಿಸಲು ಸಾಧ್ಯ. ಸಾಧ್ಯವಿಲ್ಲ ಅನ್ನುವವನಿಗೆ ಇಷ್ಟವಿಲ್ಲ ಎಂದು ಅರ್ಥ.

ಭಾವಮೈದುನ ನನ್ನ ಒತ್ತಾಯಕ್ಕೆ ಮಾರುವವನಿಗೆ ಫೋನು ಮಾಡಿದ, ನಾನು ಪಕ್ಕದಲ್ಲೇ ಕೂತಿದ್ದೆ. ಅವ್ವನ್ನ ನೋಡಬೇಕಲ್ಲ ಅಂದರೆ “ಅದು ಬೇರೆ ಊರಲ್ಲಿದೆ ಸಾರ್.” ರಕ್ತಪರೀಕ್ಷೆ ಅಂದರೆ “ನಮ್ಮ ಕುದುರೆಗೆ ಏನೂ ಕಾಯಿಲೆ ಇಲ್ಲ ಸಾರ್.” ಹಿಂದಕ್ಕೆ ತಗೋತೀರಾ ಅಂದರೆ ನಗು. ಕೊನೆಗೆ, ಸಂಜೆಯೊಳಗೆ ಮುಂಗಡ ಹಾಕಿದರೆ ಹತ್ತು ಸಾವಿರ ಕಡಿಮೆ. ಈಮುವಿನವರೂ ಹೀಗೇ ಸಂಜೆಯೊಳಗೆ ಅಂದಿದ್ದರು ಎಂದು ಅವನಿಗೇ ನೆನಪಾಗಿರಬೇಕು, ಫೋನಿಟ್ಟು ಎದ್ದುಹೋದ.

ಹುಚ್ಚು ಪೂರ್ತಿ ಇಳಿದಿಲ್ಲ. ಮರಿ ಮಾಡಿಸುವ ಮಾತು ಬಿಟ್ಟಿದ್ದಾನೆ, ಬೀಜ ಒಡೆಸಿದ ವಯಸ್ಸಾದ ಸಾಧು ಕುದುರೆಯೊಂದು ಸಾಕು ಅನ್ನುತ್ತಿದ್ದಾನೆ. ಸಾಬರು ಜೊತೆಗೆ ಹೋಗಿ ನೋಡಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಒಂಟಿ ಕುದುರೆ ಕಟ್ಟಬಾರದು, ಇನ್ನೊಂದು ಕುದುರೆಗೆ ಕೈ ಸಾಗದಿದ್ದರೆ ಜೊತೆಗೊಂದು ಕತ್ತೆಯನ್ನಾದರೂ ಕಟ್ಟಬೇಕು. ಅದಕ್ಕೆ ನನಗೆ ತೋಚಿದ ಉತ್ತರವನ್ನು ಮನೆಯವಳ ಮುಂದೆ ಹೇಳಿಲ್ಲ, ಎಷ್ಟಾದರೂ ಅವಳ ತಮ್ಮ.

ನಿಮ್ಮಲ್ಲಿ ಯಾರಿಗಾದರೂ ಕುದುರೆ ಕೊಳ್ಳುವ ಆಸೆಯಿದ್ದರೆ ಫೋನಿನಲ್ಲಿ ಮುಂಗಡ ಕಳಿಸಬೇಡಿ. ಹೋಗಿ ತಾಯಿಯನ್ನು ನೋಡಿ, ಚೀಟಿ ಕೇಳಿ. ಮರಿ ಕಪ್ಪಗಿದ್ದರೆ ಒಂದು ಬಕೆಟ್ ನೀರನ್ನೂ ಕೇಳಿ.